ದಿನಾ ತುಂಬುವ ಬ್ಯಾಟರಿ

ಪೆರಂಬೂರಿನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದಾಕೆ ಹೊಲಿಗೆ ಹೇಳಿಕೊಡುವ ಟೀಚರ್. ಗಂಡನ ಶ್ವಾಸಕೋಶ ಸೋತು ಆಮ್ಲಜನಕದ ಯಂತ್ರ ಮನೆಗೆ ಬಂದ ಮೇಲೆ, ಕರೆಂಟ್ ಹೋದಾಗಲೆಲ್ಲ ಆಕೆಯ ಮುಖ ಬಿಳಿಚಿಕೊಳ್ಳುತ್ತಿತ್ತು. ಕೊನೆಗೆ ಸೋಲಾರ್ ಹಲಗೆಗಳನ್ನೂ ಬ್ಯಾಟರಿಯನ್ನೂ ತರಿಸಿ, ಫೋನಿನಲ್ಲಿ ವಿಡಿಯೊ ನೋಡುತ್ತ ತಾರಸಿಯ ಮೇಲೆ ತಾವೇ ಜೋಡಿಸಲು ಕೂತರು. ನೈಟಿಯ ಮೇಲೆ ಗಂಡನ ಹಳೇ ಶರ್ಟು; ತುಟಿಗಳ ನಡುವೆ ಗುಂಡುಸೂಜಿಯ ಬದಲು ಸ್ಕ್ರೂ. "ಶಾಕ್ ಹೊಡೆದೀತು" ಎಂದು ನಾನು ಹೆದರಿಸಿದರೆ, "ಪಾತ್ಕಲಾಂ ರೀ, ನೋಡ್ಕೊಳ್ಳೋಣ" ಎಂದು ತಮಿಳು ಬೆರೆಸಿ ಹೇಳುವರು. ಯಾವುದಕ್ಕೂ ಅದೇ ಮಾತು.

ಆ ವರ್ಷ ಚಂಡಮಾರುತಕ್ಕೆ ಬೀದಿಯಿಡೀ ಕರೆಂಟ್ ಹೋಯಿತು. ಮೋಡ ಕವಿದು ಬ್ಯಾಟರಿಯೂ ಪೂರ್ತಿ ತುಂಬುತ್ತಿರಲಿಲ್ಲ. ಅವರು ದೀಪ, ಫ್ಯಾನು, ಫ್ರಿಜ್ಜು ಎಲ್ಲ ಆರಿಸಿ ಯಂತ್ರವೊಂದನ್ನೇ ಉಳಿಸಿದರು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಗಂಡನಿಗೆ ಪೇಪರಿನಿಂದ ಗಾಳಿ ಬೀಸುತ್ತ ಕೂತರು. ಕರೆಂಟ್ ಬರುವವರೆಗೂ ಯಂತ್ರ ನಿಲ್ಲಲಿಲ್ಲ.

ಗಂಡ ತೀರಿಕೊಂಡದ್ದು ಬೇಸಿಗೆಯ ಒಂದು ಮಧ್ಯಾಹ್ನ. ಕರೆಂಟೂ ಇತ್ತು, ಬ್ಯಾಟರಿಯೂ ತುಂಬಿತ್ತು.

ಕಾರ್ಯಗಳೆಲ್ಲ ಮುಗಿದ ಮೇಲೆ ಆಕೆ ವೈರಿನ ಸುರುಳಿ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ನಿಮ್ಮನೆಗೊಂದು ಲೈನ್ ಎಳೀಲಾ?"

"ಯಾಕ್ರೀ, ನಿಮಗೇ ಬೇಕಲ್ವಾ?" ಎಂದೆ.

"ನಂಗೊಬ್ಳಿಗೆ ಒಂದು ಲೈಟ್ ಸಾಕು. ಆ ಬ್ಯಾಟರಿ ಪಾಪ, ದಿನಾ ತುಂಬ್ಕೊಂಡು ಸುಮ್ನೆ ಕೂತಿರತ್ತೆ. ಮುಡಿಯಲೆ ರೀ, ನೋಡಕ್ಕಾಗ್ತಿಲ್ಲ."

ನಾನು ಒಳಗಿಂದ ಸ್ಟೂಲು ತಂದು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಹತ್ತಿದರು.