ಮೊಣಕೈವರೆಗೆ ಹೊಲಿದ ಕೈಗವಸು

ನರ್ಸ್ ನನ್ನ ಕೈಗೊಂದು ಪ್ಲಾಸ್ಟಿಕ್ ಚೀಲ ಕೊಟ್ಟಳು. ಒಳಗೆ ನನ್ನ ಗಂಡನ ಮೊಬೈಲ್, ಉಡದಾರ, ಮತ್ತೆ ಒಂದು ಬಟ್ಟೆಯ ತುಂಡು. ದಪ್ಪ ಜೀನ್ಸ್ ಬಟ್ಟೆ. ಒಂದು ಮೂಲೆಯಲ್ಲಿ ನೀಲಿ ಉಳಿದಿತ್ತು, ಮಿಕ್ಕಿದ್ದೆಲ್ಲ ರಕ್ತದಲ್ಲಿ ತೊಯ್ದು ಕಪ್ಪಾಗಿತ್ತು.

"ಹೇ ಕಶಾಚಂ ಕಾಪಡ್?" ಎಂದರು ಡಾಕ್ಟರ್. ಮರಾಠಿ ಹೆಣ್ಣುಮಗಳು, ನನಗಿಂತ ಚಿಕ್ಕವಳಿರಬೇಕು. ಇದು ಯಾವುದರ ಬಟ್ಟೆ, ಗಾಯದೊಳಗಿಂದ ತೆಗೆದೆವು, ಅವರ ಮೈಮೇಲಿದ್ದದ್ದು ಗಿಡ್ಡ ತೋಳಿನ ಟೀ ಶರ್ಟ್ ಅಲ್ಲವೇ ಎಂದು ಕೇಳುತ್ತಿದ್ದರು.

ನಾನು ಹೊಲಿಗೆ ನೋಡಿದೆ. ಕಿತ್ತಳೆ ದಾರ. ಎರಡು ಸಾಲು. ಅಂಚಿನಲ್ಲಿ ಲಾಡಿ ಹಾಯಿಸಲು ಬಿಟ್ಟ ಮಡಿಕೆ.

ನನ್ನದೇ ಹೊಲಿಗೆ.

ಮರಾಠಿ ಸೀಮೆಯ ಈ ಭೋಸರಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷಿನ್ ಇದೆ. ಬ್ಲೌಸು, ಸೀರೆಯೊಳಗಿನ ಪರಕರ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚಿಕೊಡುತ್ತೇನೆ. ಊರು ಇಂಡಿ ಕಡೆ. ಗಂಡ ಗುರುಪಾದ ಹನ್ನೊಂದು ವರ್ಷದಿಂದ ಮರ ಸವರುವ ಗ್ಯಾಂಗಿನಲ್ಲಿದ್ದಾರೆ. ಮರ ಕಡಿಯುವವರು ಎಂದು ಯಾರಾದರೂ ಅಂದರೆ ಅವರಿಗೆ ಸಿಟ್ಟು ಬರುತ್ತದೆ. ಕಡಿಯೋದು ಬೇರೆ, ಸವರೋದು ಬೇರೆ ಎಂದು ಅರ್ಧ ತಾಸು ಪಾಠ ಮಾಡುತ್ತಾರೆ. ಮಳೆಗಾಲದ ಮುಂಚೆ ಹೌಸಿಂಗ್ ಸೊಸೈಟಿಗಳಲ್ಲಿ, ಬಂಗಲೆಗಳ ಓಣಿಗಳಲ್ಲಿ ಬಾಗಿದ ಕೊಂಬೆಗಳನ್ನು ಇಳಿಸುವುದು ಇವರ ಕೆಲಸ. ಗ್ಯಾಂಗಿನಲ್ಲಿ ಐದು ಜನ.

ಎರಡು ವರ್ಷದ ಹಿಂದೆ ಗುತ್ತಿಗೆದಾರ ಚಿಪ್ಪರ್ ತಂದ. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಮಷಿನ್. ಅದರ ಬಾಯಿಗೆ ಕೊಂಬೆ ಕೊಟ್ಟರೆ ಹಲ್ಲಿರುವ ರೋಲರ್‌ಗಳು ಒಳಗೆ ಎಳೆದುಕೊಂಡು ಬ್ಲೇಡಿಗೆ ಕೊಡುತ್ತವೆ, ಆಚೆ ಕಡೆಯಿಂದ ಪುಡಿ ಹಾರುತ್ತದೆ. ಬಾಯಿಯ ಮೇಲೆ ಒಂದು ಕೆಂಪು ಸರಳಿದೆ. ಅದನ್ನು ಒತ್ತಿದರೆ ರೋಲರ್ ನಿಲ್ಲುತ್ತದೆ. ಕೊಂಬೆ ತಾಗಿದರೂ ನಿಲ್ಲುವುದರಿಂದ ಕೆಲವು ಗ್ಯಾಂಗಿನವರು ಆ ಸರಳನ್ನು ತಂತಿ ಸುತ್ತಿ ಹಿಂದಕ್ಕೆ ಕಟ್ಟಿಬಿಡುತ್ತಾರಂತೆ. ನನ್ನ ಗಂಡ ಕಟ್ಟಲು ಬಿಟ್ಟಿರಲಿಲ್ಲ. ಮೇಲಾಗಿ, ಒಬ್ಬ ಕೊಂಬೆ ಕೊಡುವಾಗ ಇನ್ನೊಬ್ಬ ಸರಳಿನ ಪಕ್ಕದಲ್ಲೇ ನಿಂತಿರಬೇಕು ಎಂದು ತಾವೇ ನಿಯಮ ಮಾಡಿದ್ದರು. ಅದಕ್ಕೂ ಎಲ್ಲರೂ ಅವರನ್ನು ಆಡಿಕೊಳ್ಳುತ್ತಿದ್ದರು.

ಇನ್ನು ನನ್ನ ಕಥೆ.

ಜಾಲಿ, ಸೀಮೆಹುಣಸೆಯಂಥ ಮುಳ್ಳುಮರ ಸವರಿದ ದಿನ ಅವರ ಮುಂಗೈ ನೋಡಲಾಗುತ್ತಿರಲಿಲ್ಲ. ಅಂಗೈಗೆ ಕೈಗವಸಿತ್ತು, ಅದರ ಮೇಲಕ್ಕೆ ಬರೀ ಗೀರು. ಸ್ನಾನಕ್ಕೆ ಕೂತರೆ ಹಲ್ಲು ಕಚ್ಚಿ ನೀರು ಹಾಕಿಕೊಳ್ಳುತ್ತಿದ್ದರು. ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಅಗಲವಾಗಿ, ಗಾಳಿಯಾಡುವಂತೆ, ಕೈಗವಸಿಗೆ ಮೊಣಕೈವರೆಗೆ ತೋಳು ಹಚ್ಚಿಕೊಟ್ಟೆ. ಮೊದಲು ಇಲಾಸ್ಟಿಕ್ ಹಾಕಿದ್ದೆ, ಕೈ ಮೇಲೆತ್ತಿದರೆ ಜಾರುತ್ತದೆ ಎಂದರು. ಆಗ ಪರಕರಕ್ಕೆ ಹಾಕುವ ಲಾಡಿ ಹಾಕಿದೆ. ನಾನು ಹಾಕಿದ ಲಾಡಿ ಕಳಚಿತು ಎಂದು ಇವತ್ತಿನವರೆಗೆ ಯಾವ ಗಿರಾಕಿಯೂ ತಿರುಗಿ ಬಂದಿಲ್ಲ. ಒಂದೇ ಕೈಯಲ್ಲಿ ಅದನ್ನು ಕಟ್ಟಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಮುಂಜಾನೆ ಅವರು ಹೊಸ್ತಿಲಲ್ಲಿ ನಿಂತು ಎರಡೂ ಕೈ ಚಾಚುತ್ತಿದ್ದರು, ನಾನು ಮೊಣಕೈ ಹತ್ತಿರ ಬಿಗಿಯಾಗಿ ಎರಡು ಗಂಟು ಹಾಕುತ್ತಿದ್ದೆ. ನೋಡಿದವರು ನಗುತ್ತಿದ್ದರು. ನನಗೆ ಖುಷಿಯೇ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅದನ್ನು ನೋಡಿ ಉಳಿದ ನಾಲ್ವರೂ ಬೇಕು ಅಂದರು. ನಾಲ್ಕು ಜೋಡಿ ಹೊಲಿದುಕೊಟ್ಟೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆದದ್ದನ್ನು ಹೇಳಿದವನು ಈರಣ್ಣ. ಅವನೂ ನಮ್ಮ ಕಡೆಯವನೇ, ಗ್ಯಾಂಗಿನಲ್ಲಿ ಗಂಡನ ಜೊತೆಗಾರ. ಖಡಕಿಯ ಒಂದು ಓಣಿಯಲ್ಲಿ ಕೆಲಸ ನಡೆದಿತ್ತು. ಗಂಡ ಸೀಮೆಹುಣಸೆ ಕೊಂಬೆ ಕೊಡುತ್ತಿದ್ದರು. ಕೊಂಬೆಯ ಒಂದು ಕವಲು ಆ ಅಗಲ ತೋಳಿನೊಳಗೆ ಹೊಕ್ಕಿತು. ರೋಲರ್ ಕೊಂಬೆಯನ್ನು ಎಳೆಯಿತು, ಕೊಂಬೆ ಬಟ್ಟೆಯನ್ನು ಎಳೆಯಿತು.

"ಬಟ್ಟಿ ಕಳಚಿ ಬರಲಿಲ್ರಿ ವೈನಿ. ನಾ ಸರಳಿಗೆ ಎದಿ ಕೊಟ್ಟು ಬಿದ್ದೆ. ಬ್ಲೇಡಿನ ತನಕ ಹೋಗಲಿಲ್ಲ. ಆದ್ರ ಕೈ ರೋಲರಿನ್ಯಾಗ..." ಎಂದ.

"ಉಳಿದವ್ರು ಎಲ್ಲದಾರ?"

"ಅಲ್ಲೇ ಅದಾರ್ರಿ. ರಸ್ತೆ ತುಂಬ ಟೊಂಗಿ ಬಿದ್ದಾವ. ಸಂಜೀ ಒಳಗ ತೆಗೀರಿ ಅಂತ ಗುತ್ತಿಗೆ ಸಾಹೇಬ ಮತ್ತ ಮಷಿನ್ ಹಚ್ಚಿಸ್ಯಾನ."

ಅವನು ಮುಖ ಒರೆಸಿಕೊಳ್ಳಲು ಕೈ ಎತ್ತಿದ. ಮೊಣಕೈಯಲ್ಲಿ ನನ್ನ ಲಾಡಿಯ ಗಂಟು ಹಾಗೇ ಇತ್ತು. ಬಿಚ್ಚಿಕೊಳ್ಳಲು ಅವನಿಗೂ ಆಗಿರಲಿಲ್ಲ.

ಅಲ್ಲಿ ಇನ್ನೂ ಮೂರು ಜನ ಅದನ್ನೇ ಕಟ್ಟಿಕೊಂಡು ಮಷಿನ್ ಮುಂದೆ ನಿಂತಿದ್ದರು.

ಈರಣ್ಣನ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ದತ್ತಾನಿಗೆ ಫೋನ್ ಹಚ್ಚಿದೆ. ದತ್ತಾ ಮರಾಠಿಯವನು, ಗ್ಯಾಂಗಿನಲ್ಲಿ ಎಲ್ಲರಿಗಿಂತ ಹಿರಿಯ. ರಿಂಗ್ ಆಗಿ ಆಗಿ ನಿಂತಿತು. ಉಳಿದಿಬ್ಬರಿಗೆ ಹಚ್ಚಿದೆ. ಅವರೂ ಎತ್ತಲಿಲ್ಲ. ಚಿಪ್ಪರ್ ನಡೆಯುವಾಗ ಕಿವಿಗೆ ಮುಚ್ಚಳ ಹಾಕಿಕೊಂಡಿರುತ್ತಾರೆ, ಫೋನ್ ಕೇಳುವುದಿಲ್ಲ. ಗುತ್ತಿಗೆದಾರ ಒಂದೇ ಸಲಕ್ಕೆ ಎತ್ತಿ, "ತಾಯಿ, ಆಸ್ಪತ್ರೆಯದು ನಾನು ನೋಡ್ಕೋತೀನಿ" ಎಂದು ಮರಾಠಿಯಲ್ಲಿ ಹೇಳಿ, ನನ್ನ ಮಾತು ಶುರುವಾಗುವ ಮುಂಚೆ ಇಟ್ಟುಬಿಟ್ಟ.

ಈರಣ್ಣ ಸ್ಕೂಟರ್ ತೆಗೆದುಕೊಂಡು ಓಡಿದ. ನಾನೂ ಓಡಬೇಕು ಅನಿಸಿತು. ಆದರೆ ನರ್ಸ್ ಕನ್ಸೆಂಟ್ ಫಾರ್ಮ್ ಹಿಡಿದು ನಿಂತಿದ್ದಳು.

ಡಾಕ್ಟರ್ ಕೂತು ತಿಳಿಸಿ ಹೇಳಿದರು. ಕ್ರಶ್ ಇಂಜುರಿ, ಕೈ ಜಜ್ಜಿಹೋಗಿದೆ. ತೋರುಬೆರಳು, ನಡುಬೆರಳು ಉಳಿಯುವುದಿಲ್ಲ. ಉಂಗುರದ ಬೆರಳಿಗೆ ರಕ್ತ ಹೋಗುತ್ತಿಲ್ಲ, ಪ್ರಯತ್ನ ಮಾಡುತ್ತೇವೆ. ಹೆಬ್ಬೆರಳು, ಕಿರುಬೆರಳು ನೋಡಬೇಕು. ಬಲಗೈ.

"ಇಲಾಸ್ಟಿಕ್ ಇದ್ದಿದ್ರ ಜಾರಿ ಬರ್ತಿತ್ತಾ?" ಎಂದು ಕೇಳಿದೆ.

ಅವರಿಗೆ ಅರ್ಥವಾಗಲಿಲ್ಲ. ಸಹಿ ಮಾಡಿ ಅಂದರು, ಮಾಡಿದೆ.

ಗಡಿಯಾರದ ಕೆಳಗೆ ಕೂತೆ. ಒಂದು ಬಾಗಿಲ ಹಿಂದೆ ನನ್ನ ಗಂಡನ ಬೆರಳುಗಳನ್ನು ತೆಗೆಯುತ್ತಿದ್ದರು. ಇನ್ನೊಂದು ಕಡೆ, ಆರೇಳು ಕಿಲೋಮೀಟರ್ ಆಚೆ, ನಾನು ಹೊಲಿದ ಆರು ತೋಳುಗಳು ಕೊಂಬೆ ಹಿಡಿದು ಆ ಬಾಯಿಯ ಹತ್ತಿರ ಹೋಗಿ ಬರುತ್ತಿದ್ದವು. ಎರಡು ಕಡೆಯೂ ನಾನು ಮಾಡುವಂಥದ್ದು ಏನೂ ಇರಲಿಲ್ಲ. ಜೀವನದಲ್ಲಿ ಇಷ್ಟು ನಿರುಪಯೋಗಿಯಾಗಿ ನಾನು ಯಾವತ್ತೂ ಕೂತಿಲ್ಲ. ನನ್ನ ಕೈಗೆ ಸುಮ್ಮನಿರುವ ರೂಢಿಯೇ ಇಲ್ಲ. ಸೆರಗಿನ ಅಂಚನ್ನು ಮಡಚಿದೆ, ಬಿಚ್ಚಿದೆ, ಮಡಚಿದೆ.

ನಲವತ್ತು ನಿಮಿಷಕ್ಕೆ ಈರಣ್ಣನ ಫೋನ್ ಬಂತು.

"ತಗಸೀನ್ರಿ ವೈನಿ. ಮೂರೂ ಮಂದೀದು. ಯಾರಿಗೂ ಏನೂ ಆಗಿಲ್ಲ."

"ಇಸ್ಕೊಂಡು ಹರದು ಒಗಿ ಅವನ್ನ."

"ಇಬ್ರು ಕೊಟ್ರು. ದತ್ತಾ ಮಡಚಿ ಕಿಸೇದಾಗ ಇಟ್ಕೊಂಡಾನ. ಮುಳ್ಳಿಗೆ ಬೇಕಾಗ್ತದ, ಮಷಿನಿಗೆ ಹಾಕಂಗಿಲ್ಲ ಅಂತಾನ."

ನನ್ನ ಗಂಡನೂ ಹಾಗೆಯೇ ಅಂದುಕೊಂಡಿದ್ದರು ಎಂಬುದು ನನಗೆ ಗೊತ್ತಾದದ್ದು ನಾಲ್ಕು ದಿನ ಬಿಟ್ಟು.

ಅಷ್ಟರಲ್ಲಿ ಅವರಿಗೆ ಎಚ್ಚರವಿತ್ತು, ಜ್ವರ ಇಳಿದಿತ್ತು. ಕೈಯ ಮೇಲೆ ಚರ್ಮ ಉಳಿದಿರಲಿಲ್ಲವಾದ್ದರಿಂದ ಕೈಯನ್ನು ಹೊಟ್ಟೆಯ ಕೆಳಗೆ, ತೊಡೆಸಂದಿನ ಚರ್ಮಕ್ಕೆ ಹೊಲಿದಿದ್ದರು. ಗ್ರಾಯ್ನ್ ಫ್ಲ್ಯಾಪ್ ಅಂತ ಹೆಸರು. ಮೂರು ವಾರ ಹಾಗೇ ಇರಬೇಕು, ಅಲ್ಲಿನ ಚರ್ಮ ಕೈಗೆ ಹತ್ತಿಕೊಂಡ ಮೇಲೆ ಬಿಡಿಸುತ್ತಾರೆ. ಮಗ್ಗುಲು ಹೊರಳುವಂತಿಲ್ಲ. ಕೆಮ್ಮು ಬಂದರೂ ನಾನು ಅವರ ಮೊಣಕೈ ಹಿಡಿದುಕೊಳ್ಳಬೇಕಿತ್ತು. ಡಾಕ್ಟರ ಹೊಲಿಗೆ ನೋಡಿದೆ. ಅಚ್ಚುಕಟ್ಟಾಗಿತ್ತು.

ನಾನು ಅತ್ತುಬಿಟ್ಟೆ. ಇದೆಲ್ಲ ನನ್ನಿಂದ ಆಯಿತು, ನನ್ನ ಲಾಡಿಯಿಂದ ಆಯಿತು ಅಂದೆ.

"ನಿನಗ ಗೊತ್ತಿರಲಿಲ್ಲ. ನನಗ ಗೊತ್ತಿತ್ತು," ಎಂದರು ಗಂಡ. "ಮಷಿನ್ ತಂದಾಗ ಕಲಿಸಾಕ ಬಂದಾವ ಹೇಳಿದ್ದ. ಉದ್ದ ತೋಳು ಬ್ಯಾಡ, ಸಡ್ಲ ಅರಬಿ ಬ್ಯಾಡ, ಮಣಿಕಟ್ಟಿಗೆ ಬಿಗಿ ಇರೂ ಗಿಡ್ಡ ಕೈಗವಸು ಅಷ್ಟೇ ಅಂತ. ಮಷಿನಿನ ಮ್ಯಾಲ ಚಿತ್ರಾನೂ ಅದ. ನಾವು ಟೊಂಗಿ ಆರಿಸೂವಾಗ ಹಾಕ್ಕೊಂಡು, ಮಷಿನಿಗೆ ಹೋಗೂವಾಗ ಬಿಚ್ಚೂದು ಅಂತ ಮಾತಾಡ್ಕೊಂಡಿದ್ವಿ."

"ಮತ್ಯಾಕ ಬಿಚ್ಚಲಿಲ್ರಿ?"

"ಒಬ್ಬರದು ಒಬ್ಬರು ಬಿಚ್ಚಬೇಕು. ಸಾರಿ ಸಾರಿಗೆ ಯಾರು ಬಿಚ್ತಾರ, ಯಾರು ಕಟ್ತಾರ? ಎರಡು ದಿನ ಬಿಚ್ಚಿದ್ವಿ. ಆಮ್ಯಾಲ ಬಿಟ್ವಿ."

ನನಗೆ ಹೇಳಿದ್ದರೆ ನಾನು ಗಂಟೇ ಹಾಕುತ್ತಿರಲಿಲ್ಲ. ಅದನ್ನೂ ಕೇಳಿದೆ, ಯಾಕೆ ಹೇಳಲಿಲ್ಲ ಎಂದು.

"ನೀ ಪ್ರೀತಿಲೆ ಹೊಲದಿದ್ದಿ," ಎಂದರು.

ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೊಡೆಯೋಣ ಅಂದರೆ ಹೊಡೆಯಲು ಜಾಗವಿಲ್ಲದ ಹಾಗೆ ಬ್ಯಾಂಡೇಜು. ಹೊರಗೆ ಹೋಗಿ ನಳದ ಹತ್ತಿರ ಮುಖ ತೊಳೆದುಕೊಂಡು, ಚಹಾ ಕುಡಿದು, ತಿರುಗಿ ಬಂದು ಅವರ ಮೊಣಕೈ ಹಿಡಿದು ಕೂತೆ.

ಆರನೇ ದಿನ ಉಂಗುರದ ಬೆರಳು ಕಪ್ಪಾಯಿತು.

ಮತ್ತೆ ಫಾರ್ಮ್, ಮತ್ತೆ ಸಹಿ. ಈ ಸಲ ನಾನು ಏನೂ ಕೇಳಲಿಲ್ಲ. ಪಕ್ಕದ ಹಾಸಿಗೆಯವರ ಹೆಂಡತಿ ದೇವರಿಗೆ ಹರಕೆ ಹೇಳಿಕೊಳ್ಳಿ ಅಂದಳು. ಏನೆಂದು ಹೇಳಿಕೊಳ್ಳಲಿ? ಉಳಿದೆರಡು ಬೆರಳು ಬಿಡಪ್ಪಾ ಎಂದೇ? ಆದರೂ ಹೇಳಿಕೊಂಡೆ. ಎರಡು ಬಿಡು, ಮತ್ತೆ ದತ್ತಾನ ಕಿಸೆಯಲ್ಲಿರುವುದು ಅಲ್ಲೇ ಇರಲಿ. ಈ ಎರಡನೆಯದನ್ನು ಪ್ರತಿ ಮುಂಜಾನೆ ಎಂಟಕ್ಕೆ, ಗ್ಯಾಂಗು ಕೆಲಸ ಶುರು ಮಾಡುವ ಹೊತ್ತಿಗೆ ನೆನೆಸಿಕೊಳ್ಳುತ್ತಿದ್ದೆ. ದತ್ತಾನಿಗೆ ದಿನಾ ಫೋನ್ ಮಾಡಿದೆ. ಹೌದು ವಹಿನಿ, ಹಾಕೋದಿಲ್ಲ ವಹಿನಿ ಎನ್ನುತ್ತಿದ್ದ. ಗಂಡನೂ ಗೊತ್ತಿದ್ದೇ ಹಾಕಿಕೊಂಡಿದ್ದರಲ್ಲ, ಯಾರ ಮಾತನ್ನು ನಂಬಲಿ?

ಮೂರು ವಾರಕ್ಕೆ ಕೈ ಬಿಡಿಸಿದರು. ಹೆಬ್ಬೆರಳು ಮತ್ತು ಕಿರುಬೆರಳು, ನಡುವೆ ಉಬ್ಬಿದ ಚರ್ಮದ ದಿಂಡು. ಹೊಟ್ಟೆಯ ಕೆಳಗಿನ ಚರ್ಮವಾದ್ದರಿಂದ ಅದರ ಮೇಲೆ ಕೂದಲು ಬರುತ್ತದೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಗಂಡ ಕೈಯನ್ನು ಆಚೆ ಈಚೆ ತಿರುಗಿಸಿ ನೋಡಿ ಟವೆಲ್ ಮುಚ್ಚಿಕೊಂಡರು.

ಮನೆಗೆ ಬಂದು ಈಗ ಏಳು ವಾರ. ಫಿಜಿಯೋಥೆರಪಿಯವರು ಒಂದು ಮೆತ್ತನೆಯ ಹಿಟ್ಟಿನಂಥ ಉಂಡೆ ಕೊಟ್ಟಿದ್ದಾರೆ, ಎರಡು ಬೆರಳಿನಲ್ಲಿ ಅದನ್ನು ಚಿವುಟಬೇಕು. ಹೆಬ್ಬೆರಳಿನ ತುದಿ ಕಿರುಬೆರಳನ್ನು ಮುಟ್ಟಬೇಕು, ಅದೇ ಪರೀಕ್ಷೆ. ಮೊದಲ ವಾರ ನಡುವೆ ನನ್ನ ಮೂರು ಬೆರಳು ಹಿಡಿಯುವಷ್ಟು ಅಂತರ. ಆಮೇಲೆ ಎರಡು. ಮರ ಹತ್ತುವುದು ಮುಗಿಯಿತು. ಪೈಜಾಮದ ಲಾಡಿ ನಾನೇ ಕಟ್ಟುತ್ತೇನೆ, ಎಡಗೈಯಿಂದ ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು. ಬಿಗಿಯಾದ ಗಂಟು ಹಾಕಲು ನನ್ನ ಕೈ ಬರುವುದಿಲ್ಲ ಈಗ.

ಹೋದ ರವಿವಾರ ದತ್ತಾ ಬಂದ. ಗಂಡನ ಕೈ ನೋಡಿರಲಿಲ್ಲ ಅವನು. ಟವೆಲ್ ಸರಿದಾಗ ನೋಡಿದ. ಚಹಾದ ಕಪ್ಪು ಕೆಳಗಿಟ್ಟು, ಕಿಸೆಯಿಂದ ಆ ಜೋಡಿ ತೆಗೆದು ನನ್ನ ಮಷಿನಿನ ಮೇಲಿಟ್ಟ. ತೋಳು ಮುಳ್ಳಿಗೆ ಸಿಕ್ಕು ಹೊಸದಾಗಿ ಎಳೆ ಎದ್ದಿತ್ತು. ಆಮೇಲೂ ಹಾಕಿಕೊಂಡಿದ್ದ ಅಂತಾಯಿತು. ಮಷಿನ್ ಮುಂದೆಯೋ, ಮರದ ಮೇಲೋ, ನಾನು ಕೇಳಲಿಲ್ಲ. ಅವನ ಹತ್ತೂ ಬೆರಳು ಎಣಿಸಿದೆ.

"ವಹಿನಿ, ಕೈಗವಸು ಒಳ್ಳೇವಿದ್ವು," ಎಂದ ಮರಾಠಿಯಲ್ಲಿ.

"ಇದ್ವು," ಅಂದೆ.

ಕತ್ತರಿ ತೆಗೆದುಕೊಂಡು ಮಣಿಕಟ್ಟಿನ ಹತ್ತಿರ ಕತ್ತರಿಸಲು ಹೋದೆ. ಜೀನ್ಸ್ ದಪ್ಪ, ಜೋಡಿ ಹೊಲಿಗೆ. ಬಟ್ಟೆ ಜಾರುತ್ತಲೇ ಹೋಯಿತು. ದತ್ತಾ ಹಿಡಿಯಲು ಮುಂದೆ ಬಂದ.

"ನೀ ಬಿಡು," ಎಂದರು ಗಂಡ.

ಮಂಚದಿಂದ ಎದ್ದು ಬಂದು ನನ್ನ ಪಕ್ಕ ಕೂತು ಟವೆಲ್ ತೆಗೆದರು. ಬಲಗೈ ಚಾಚಿದರು, ಮುಂಚೆ ಹೊಸ್ತಿಲಲ್ಲಿ ನಿಂತು ಚಾಚುತ್ತಿದ್ದ ಹಾಗೆಯೇ. ಹೆಬ್ಬೆರಳು ಬಟ್ಟೆಯ ಮೇಲೆ, ಕಿರುಬೆರಳು ಕೆಳಗೆ. ಮೊದಲ ಸಲ ತಪ್ಪಿತು. ಎರಡನೇ ಸಲವೂ ತಪ್ಪಿತು. ಅವರ ಹಣೆಯ ಮೇಲೆ ಬೆವರು ಬಂತು, ನಾನು ಕಾಯುತ್ತಾ ಕೂತೆ.

ಮೂರನೇ ಸಲ ಹಿಡಿದರು.

"ಕತ್ತರಿಸು," ಎಂದರು. ನಾನು ಕತ್ತರಿಸಿದೆ.