ಆರು ಅಲಗಿನ ಯಂತ್ರ

ನಮ್ಮ ಹೋಟೆಲಿನಲ್ಲಿ ತರಕಾರಿ ಹೆಚ್ಚುತ್ತಿದ್ದ ಮೋನಪ್ಪ ೧೯೬೧ರಲ್ಲಿ ಕೆಲಸ ಬಿಟ್ಟು ಕೋಡಂಬಾಕ್ಕಂನಲ್ಲಿ ಸಾಣೆ ಅಂಗಡಿ ಹಾಕಿದಾಗ ನಾನು ಚೆನ್ನಾಗಿಯೇ ಬೈದೆ. ನಾನು ಗಲ್ಲಾದಲ್ಲಿ ಕೂರುವವನು. ಎರಡು ಹೊತ್ತು ಊಟ ಸಿಗುವ ಕೆಲಸ ಬಿಡುವವರನ್ನು ಕಂಡರೆ ನನಗಾಗುವುದಿಲ್ಲ. ಅಂಗಡಿ ಎಂದರೆ ನಾಲ್ಕು ತಗಡು, ಮೋಟಾರಿಗೆ ಕಟ್ಟಿದ ಒಂದು ಸಾಣೆಕಲ್ಲು. ಆದರೆ ಅವನಿಗೆ ಹಟ. ಹೋಟೆಲಿನ ಅಟ್ಟದಲ್ಲಿ ಹತ್ತು ಜನರ ನಡುವೆ ಮಲಗುವವನು ಹೆಂಡತಿಯನ್ನು ಕರೆಸಿಕೊಳ್ಳುವುದು ಹೇಗೆ? ಮದುವೆಯಾಗಿ ನಾಲ್ಕು ವರ್ಷವಾದರೂ ಚಂದ್ರಮತಿ ಪುತ್ತೂರಿನ ತವರಿನಲ್ಲೇ ಇದ್ದಳು. ಖಾಯಂ ಕೆಲಸ ಕೊಡುವ ಗಿರಾಕಿ ಸಿಕ್ಕಿದರೆ ಕೋಣೆ ಹಿಡಿದು ಕರೆಸುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದ.

ಕೊನೆಗೆ ಪಕ್ಕದ ಸ್ಟುಡಿಯೋದ ಮ್ಯಾನೇಜರ್, ಮೈಸೂರು ಕಡೆಯ ಬದರಿನಾಥರು, ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಕಳಿಸಿದರು. ಇದು ಸರಿಹೋದರೆ ಉಳಿದ ಮೂರು ಯಂತ್ರಗಳ ಕೆಲಸವೂ ವರ್ಷವಿಡೀ ಅವನಿಗೇ. ತಳ್ಳಿದರೆ ಆರು ಅಲಗಿನ ಉರುಳೆ ತಿರುಗಿ, ಕೆಳಗಿನ ನೆಟ್ಟಗಿನ ಅಲಗಿಗೆ ತಾಗಿಕೊಂಡು ಹುಲ್ಲು ಕತ್ತರಿಸುವ ಯಂತ್ರ ಅದು.

ಮೋನಪ್ಪ ಅಡುಗೆಮನೆಯ ಮನುಷ್ಯ. ಮೆಟ್ಟುಕತ್ತಿ ಮಸೆದ ಹಾಗೆ ಒಂದೊಂದೇ ಅಲಗನ್ನು ಸಾಣೆಗೆ ಕೊಟ್ಟು, ಬೆರಳಿನಲ್ಲಿ ಸವರಿ ನೋಡಿ, ಮುಟ್ಟಿದರೆ ಕೊಯ್ಯುವಷ್ಟು ಹರಿತ ಮಾಡಿದ. ಬುಧವಾರ ಸ್ಟುಡಿಯೋದ ತೋಟದಲ್ಲಿ ಓಡಿಸಿದರೆ ಹುಲ್ಲು ಒಂದು ಕಡೆ ಬೋಳು, ಇನ್ನೊಂದು ಕಡೆ ಗಡ್ಡ. ಒಂದು ಅಲಗು ಹೆಚ್ಚು ಸವೆದಿತ್ತು, ಒಂದು ಕಡಿಮೆ. ಕೆಳಗಿನ ಅಲಗಿಗೆ ತಾಗುತ್ತಿದ್ದುದು ಎರಡೇ.

“ಶುಕ್ರವಾರ ಇಲ್ಲೇ ಶೂಟಿಂಗ್ ಇದೆ ಕಣಯ್ಯ,” ಎಂದರು ಬದರಿನಾಥರು. “ಕ್ಯಾಮೆರಾಗೆ ಇದನ್ನ ತೋರಿಸ್ಲಾ?”

“ತಪ್ಪು ನಂದೇ ಸಾರ್. ತರಕಾರಿ ಕತ್ತಿ ಮಸೆದ ಹಾಗೆ ಮಸೆದೆ. ನಾಡಿದ್ದು ಬೆಳಿಗ್ಗೆವರೆಗೆ ಟೈಮ್ ಕೊಡಿ.”

ಬೇರೆ ದಾರಿಯಿಲ್ಲದೆ ಅವರು ಒಪ್ಪಿದರು ಎಂದೇ ನನ್ನ ಅನುಮಾನ.

ಗುರುವಾರ ನಾನು ಹೋದಾಗ ಅವನು ಉರುಳೆಯನ್ನು ಎರಡು ಮರದ ತುಂಡುಗಳ ಮೇಲೆ ಕೂರಿಸಿದ್ದ. ಕಲ್ಲನ್ನು ಒಂದೇ ದೂರಕ್ಕೆ ಬಿಗಿದು, ಉರುಳೆಯನ್ನು ತಿರುಗಿಸುತ್ತಾ, ಎಲ್ಲ ಅಲಗುಗಳನ್ನೂ ಅತಿ ಹೆಚ್ಚು ಸವೆದಿದ್ದ ಅಲಗಿನ ಮಟ್ಟಕ್ಕೆ ತಂದ. ಆಮೇಲೆ ಯಂತ್ರಕ್ಕೆ ಜೋಡಿಸಿ, ಕೆಳಗಿನ ಅಲಗನ್ನು ಉರುಳೆಗೆ ತಾಗುವಷ್ಟು ಮೇಲೆತ್ತಿ ಬಿಗಿದು, ಬಾಳೆಲೆಯ ಪಟ್ಟಿ ಸೀಳಿ, ಒಂದೊಂದು ಅಲಗಿಗೂ ಆ ತುದಿಯಿಂದ ಈ ತುದಿಯವರೆಗೆ ಕೊಟ್ಟು ನೋಡಿದ.

ಶುಕ್ರವಾರ ಗಲ್ಲಾಕ್ಕೆ ರಜೆ ಹೇಳಿ ನಾನೂ ಅವನ ಜೊತೆಗೆ ಹೊರಟೆ. ದಾರಿಯಲ್ಲಿ ಅವನು ಅಂಚೆ ಡಬ್ಬಿಗೆ ಕಾಗದ ಹಾಕಿದ.

“ಯಾರಿಗೆ?” ಎಂದೆ.

“ಚಂದ್ರಮತಿಗೆ. ಕೋಣೆ ನೋಡಿಟ್ಟಿದ್ದೇನೆ, ಹೊರಟು ಬಾ ಅಂತ.”

“ಮೊದಲು ಹುಲ್ಲು ಕತ್ತರಿಸಿ ನೋಡು ಮಾರಾಯ. ಆಗದಿದ್ರೆ ಎಂತ ಮಾಡ್ತಿ?”

“ಆರೂ ಅಲಗು ಎಲೆ ಕತ್ತರಿಸಿತು ಸುಬ್ರಾಯಣ್ಣ. ಇನ್ನು ನೋಡ್ಲಿಕ್ಕೆ ಎಂತ ಉಂಟು?”

ಹುಲ್ಲು ಚಾಪೆ ಹಾಸಿದ ಹಾಗೆ ಮಟ್ಟಸವಾಯಿತು. ಬದರಿನಾಥರು ಹೊಗಳಲಿಲ್ಲ, ಉಳಿದ ಮೂರು ಯಂತ್ರಗಳನ್ನೂ ಇವನ ಅಂಗಡಿಗೆ ಸಾಗಿಸಲು ತೋಟದವನಿಗೆ ಹೇಳಿದರು. ಮೋನಪ್ಪನ ಕಣ್ಣು ತುಂಬಿತು. ನನಗೆ ಖುಷಿಯಾಯಿತು, ಹೊಟ್ಟೆಕಿಚ್ಚೂ ಆಯಿತು. ನನ್ನ ಹೆಂಡತಿ ಅಮ್ಮಣ್ಣಿ ಹನ್ನೊಂದು ವರ್ಷದಿಂದ ಕಾರ್ಕಳದಲ್ಲೇ ಇದ್ದಳು.

ವಾಪಸು ಬರುವಾಗ ಕೇಳಿದೆ, “ನೀನು ನೋಡಿದ ಕೋಣೆಯ ಹತ್ರ ಇನ್ನೊಂದು ಖಾಲಿ ಉಂಟಾ?”