ಗ್ರೀಕರ ಪಂಕ್ತಿಯಲ್ಲಿ ಹೃಷೀಕೇಶ

ಹೃಷೀಕೇಶ ಬ್ರೇಕ್ ಎಂಜಿನಿಯರ್. ಇಳಿಜಾರಿನಲ್ಲಿ ಕಾರು ನಿಲ್ಲಿಸುವಾಗ ಅದರ ಬ್ರೇಕು ಎಷ್ಟು ಬಿಸಿಯಾಗುತ್ತದೆ ಎಂದು ಅಳೆಯುವುದರಲ್ಲೇ ಡೆಟ್ರಾಯಿಟ್‌ನಲ್ಲಿ ಅವನ ಅರ್ಧ ಆಯುಷ್ಯ ಕಳೆದಿತ್ತು. ಮಾತು ಕಡಿಮೆ. ಅವನ ಮನೆಯಿದ್ದ ಉಪನಗರ ಫಾರ್ಮಿಂಗ್ಟನ್ ಹಿಲ್ಸ್‌ನ ಕನ್ನಡದವರಲ್ಲಿ ಅನೇಕರು ಅವನ ದನಿಯನ್ನೇ ಸರಿಯಾಗಿ ಕೇಳಿರಲಿಲ್ಲ.

೨೦೦೯ರಲ್ಲಿ ಕಾರು ಕಂಪನಿಗಳು ಕುಸಿಯುತ್ತಿದ್ದಾಗ ಅವನ ಕೆಲಸವೂ ಹೋಯಿತು. ಸುದ್ದಿ ಹೇಳಿದವನು ಮೇಲಧಿಕಾರಿ ಶೇಷಗಿರಿ, ಮೈಸೂರಿನವನೇ. ಅಷ್ಟು ವರ್ಷ ಕನ್ನಡದಲ್ಲೇ ಮಾತಾಡಿಕೊಂಡಿದ್ದವರು ಆ ದಿನ ಇಂಗ್ಲಿಷಿನಲ್ಲಿ ಮಾತಾಡಿ ಕೈಕುಲುಕಿದರು.

ಹೆಂಡತಿ ಮೈತ್ರೇಯಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದಳು, ಮನೆ ಹೇಗೋ ನಡೆಯಿತು. ಆದರೆ ಹೃಷೀಕೇಶ ಕುರ್ಚಿ ಬಿಟ್ಟು ಏಳುವುದನ್ನೇ ನಿಲ್ಲಿಸಿದ. ಅಪ್ಲೈ ಮಾಡಿದ ಕಡೆಯಿಂದ ಉತ್ತರವಿಲ್ಲ. ಒಂದು ಶನಿವಾರ ಅವಳು ಹಟ ಹಿಡಿದು ಅವನನ್ನು ಡೌನ್‌ಟೌನಿನ ಒಂದು ಹಳೆಯ ಗ್ರೀಕ್ ಊಟದ ಮನೆಗೆ ಕರೆದೊಯ್ದಳು.

ಊರೆಲ್ಲ ಬಿಕೋ ಎನ್ನುತ್ತಿದ್ದರೂ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಮೂಲೆಯಲ್ಲಿ ತಂತಿವಾದ್ಯ ನುಡಿಸುವವನು, ಗೋಡೆಯಿಂದ ಗೋಡೆಗೆ ಮಾತಾಡುವ ಜನ, ನಡುವೆ ತಟ್ಟೆಗಳ ಸದ್ದು. ಬಡಿಸುವವರು ಸಾಲದೆ ಮುದುಕಿ ಯಜಮಾನಿ ದೆಸ್ಪೀನಾ ತಾನೇ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಏದುಸಿರು ಬಿಡುತ್ತ ಓಡಾಡುತ್ತಿದ್ದಳು. ಹೃಷೀಕೇಶ ಎದ್ದ. ಮದುವೆಮನೆಯಲ್ಲಿ ಬಡಿಸುವವರು ಕಡಿಮೆಬಿದ್ದಾಗ ಮನೆಯವರು ಸೊಂಟಕ್ಕೆ ಟವಲು ಸುತ್ತಿ ಏಳುವಂತೆಯೇ ಎದ್ದು ಅವಳ ಕೈಯಿಂದ ತಟ್ಟೆ ತೆಗೆದುಕೊಂಡು, ಯಾರಿಗೆ ಎಂದು ಕೇಳಿದ. ಅಂಗಡಿ ಮುಚ್ಚುವ ಹೊತ್ತಿಗೆ ಅವಳು, "ನಾಳೆ ಬರುತ್ತೀಯಾ?" ಎಂದಳು. ಅವನು ಹೂಂ ಎಂದ.

ಕಾರಿನಲ್ಲಿ ಮೈತ್ರೇಯಿ ಕೇಳಿದಳು: "ನಿಜವಾಗ್ಲೂ ಹೋಗ್ತೀರಾ? ಮಾಂಸ ಎಲ್ಲಾ ಮುಟ್ಟಬೇಕಾಗತ್ತಲ್ರೀ."

"ತಿನ್ನೋರು ಅವರು. ನಾನು ತಂದಿಡ್ತೀನಿ, ಅಷ್ಟೆ."

ಅಷ್ಟು ಸುಲಭವೇನೂ ಆಗಲಿಲ್ಲ. ಮೊದಮೊದಲು ಕುರಿಮಾಂಸದ ವಾಸನೆ ಬಟ್ಟೆಗೆ ಅಂಟಿಕೊಂಡೇ ಮನೆಗೆ ಬರುತ್ತಿತ್ತು. ಗ್ಯಾರೇಜಿನಲ್ಲೇ ಶರಟು ಬಿಚ್ಚಿ, ಸ್ನಾನ ಮಾಡಿ, ಆಮೇಲೆ ಮೊಸರನ್ನ ತಿನ್ನುತ್ತಿದ್ದ. ಅದಕ್ಕಿಂತ ಕಷ್ಟವಾದದ್ದು ಕೂಗುವುದು. ಕರಿದ ಚೀಸಿನ ಮೇಲೆ ಬ್ರಾಂಡಿ ಸುರಿದು ಬೆಂಕಿ ಹಚ್ಚಿ, ಜ್ವಾಲೆ ಎದ್ದಾಗ ಬಡಿಸುವವನು "ಓಪಾ" ಎಂದು ಕೂಗಬೇಕು, ಊಟಕ್ಕೆ ಕೂತವರೆಲ್ಲ ದನಿಗೂಡಿಸಬೇಕು. ಹೃಷೀಕೇಶ ಗೊಣಗಿದಂತೆ ಅಂದ. "ಸಾವಿನ ಮನೆಯಲ್ಲಿ ದೀಪ ಹಚ್ಚಿದ ಹಾಗಿದೆ," ಎಂದಳು ದೆಸ್ಪೀನಾ. ಅವನು ಕಾರಿನ ಕಿಟಕಿ ಏರಿಸಿಕೊಂಡು ಫ್ರೀವೇಯಲ್ಲಿ ಕೂಗಿ ಅಭ್ಯಾಸ ಮಾಡಿದ. ಹಿಮ ಬೀಳುವ ಹೊತ್ತಿಗೆ ಅವನ ದನಿ ಬೀದಿಗೂ ಕೇಳುತ್ತಿತ್ತು.

ಮರುವರ್ಷ ಜೂನ್ ತಿಂಗಳಲ್ಲಿ ಶೇಷಗಿರಿ ತನ್ನ ಹೆಂಡತಿ ಅಂಬುಜಾ, ಮಗಳು ನಿಹಾರಿಕಾಳೊಂದಿಗೆ ಅಲ್ಲಿಗೆ ಬಂದ. ಮಗಳು ಹೈಸ್ಕೂಲು ಮುಗಿಸಿದ ಸಂತೋಷಕ್ಕೆ ಊಟ. ಹೃಷೀಕೇಶ ನೀರು ತಂದಿಟ್ಟರೂ ಶೇಷಗಿರಿ ತಲೆಯೆತ್ತಲಿಲ್ಲ. ಗುರುತು ಹಿಡಿದವಳು ಅಂಬುಜಾ.

"ನೀವು ಮೈತ್ರೇಯಿಯವರ ಯಜಮಾನ್ರಲ್ವಾ?"

ಶೇಷಗಿರಿಯ ಕೈಯಲ್ಲಿದ್ದ ಮೆನು ಮೆಲ್ಲಗೆ ಮೇಜಿಗೆ ಇಳಿಯಿತು. ಒಳಗೆ ಹೋಗಿ ಬೇರೆಯವರನ್ನು ಕಳಿಸಿಬಿಡೋಣ ಎಂದು ಹೃಷೀಕೇಶನಿಗೆ ಒಂದು ಗಳಿಗೆ ಅನಿಸಿದ್ದು ನಿಜ. ಆದರೆ ಹೋಗಲಿಲ್ಲ.

"ಹೌದು ಅಂಬುಜಾ ಅವರೇ, ಈಗ ಇಲ್ಲೇ ಕೆಲಸ. ವೆಜಿಟೇರಿಯನ್ ತಾನೆ? ದ್ರಾಕ್ಷಿ ಎಲೇಲಿ ಅನ್ನ ಸುತ್ತಿರ್ತಾರೆ, ಚೆನ್ನಾಗಿರತ್ತೆ. ಪಾಲಕ್ ಹಾಕಿದ್ದೂ ಒಂದಿದೆ. ನಾನೇ ತರ್ತೀನಿ."

ತಂದ. ಚೀಸಿಗೆ ಬೆಂಕಿ ಹಚ್ಚಿ ಎದೆ ತುಂಬಿ ಕೂಗಿದ. ಇಡೀ ಕೋಣೆ ಅವನ ಜೊತೆ ಕೂಗಿತು. ನಿಹಾರಿಕಾ ನಕ್ಕು, "ಅಂಕಲ್, ಒನ್ ಮೋರ್ ಟೈಮ್?" ಎಂದಳು. ಹೃಷೀಕೇಶ ಒಳಗೆ ಹೋದಾಗ ಶೇಷಗಿರಿ ಎದ್ದು ಅಡುಗೆಮನೆಯ ಬಾಗಿಲ ಬಳಿ ಬಂದು ನಿಂತ.

"ಹೃಷೀಕೇಶ್, ಅವತ್ತು ಯಾರನ್ನ ತೆಗೀಬೇಕು ಅಂತ ಕೇಳಿದಾಗ ನಿಮ್ಮ ಹೆಸರು ಹೇಳಿದ್ದು ನಾನೇ. ನೀವು ಜಗಳ ಆಡಲ್ಲ ಅಂತ ಗೊತ್ತಿತ್ತು."

ಹೃಷೀಕೇಶ ತಟ್ಟೆ ಒರೆಸುತ್ತಿದ್ದ ಕೈ ನಿಲ್ಲಿಸಿದ. ಹೆಸರು ಕೊಟ್ಟವನು ಇವನೇ ಎಂಬ ಊಹೆ ಅವನಿಗಿತ್ತು. ಕಾರಣ ಇದೆಂದು ಗೊತ್ತಿರಲಿಲ್ಲ.

"ಈಗ ಮತ್ತೆ ಕೆಲಸಕ್ಕೆ ತಗೋತಾ ಇದಾರೆ," ಶೇಷಗಿರಿ ಅವಸರವಾಗಿ ಹೇಳಿದ. "ನಾನು ಮಾತಾಡ್ತೀನಿ. ಕೋಪ ಇಟ್ಕೋಬೇಡಿ."

"ಕೋಪ ಇದೆ, ಶೇಷಗಿರಿ. ಇಲ್ಲ ಅಂದ್ರೆ ಸುಳ್ಳಾಗತ್ತೆ. ನೀವು ಮಾತಾಡೋದು ಬೇಡ, ಬೇಕಾದ್ರೆ ನಾನೇ ಅಪ್ಲೈ ಮಾಡ್ತೀನಿ. ಈಗ ಹೋಗಿ ಕೂತ್ಕೊಳ್ಳಿ, ಮಗಳು ಕಾಯ್ತಿದಾಳೆ. ಊಟ ಆರತ್ತೆ."

ಇಷ್ಟು ಉದ್ದದ ಮಾತನ್ನು ಅವನು ಆಫೀಸಿನಲ್ಲಿ ಎಂದೂ ಆಡಿರಲಿಲ್ಲ. ಶೇಷಗಿರಿ ಹೋಗಿ ಕೂತು ಉಂಡ. ಹೊರಡುವಾಗ ಇಬ್ಬರೂ ಕನ್ನಡದಲ್ಲೇ "ಬರ್ತೀನಿ", "ಹೋಗಿ ಬನ್ನಿ" ಎಂದುಕೊಂಡರು. ಸ್ನೇಹವೇನೂ ಮರಳಲಿಲ್ಲ.

ಚಳಿ ಶುರುವಾಗುವ ಮೊದಲು ಹೃಷೀಕೇಶನಿಗೆ ಬೇರೊಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಬಿಡುವ ದಿನ ದೆಸ್ಪೀನಾ ಅವನ ಏಪ್ರನ್ ಬಿಚ್ಚಿಸಿ, ಮೈತ್ರೇಯಿಯನ್ನೂ ಕರೆಸಿ, ಊಟದ ಕೋಣೆಯ ನಡುವಿನ ಮೇಜಿಗೆ ಕೂರಿಸಿದಳು. ತೊವ್ವೆಯಂಥ ಮಂದವಾದ ಬೇಳೆಯ ಸೂಪನ್ನು ತಾನೇ ತಂದಿಟ್ಟಳು. ಪಕ್ಕದ ಮೇಜಿನವರು ಇನ್ನಷ್ಟು ಬ್ರೆಡ್ಡು ಬೇಕೆಂದು ಕೈ ಎತ್ತಿದರು. ಹೃಷೀಕೇಶ ಏಳಹೋದ. ಮೈತ್ರೇಯಿ ಅವನ ಮೊಣಕೈ ಹಿಡಿದು, "ಇವತ್ತು ನೀವು ಕೂತ್ಕೊಂಡು ಊಟ ಮಾಡಿ," ಎಂದಳು. ಅವನು ಕೂತ.